ಸಹಕಾರದ ಎರಡನೆಯ ದಿನ

"ಈ ಹಾಲ್‌ನಲ್ಲಿ ನಲವತ್ತೆರಡು ಜನರ ಎನರ್ಜಿ ಇದೆ. ಫೀಲ್ ಆಗ್ತಿದೆಯಾ?" ಬೆಂಗಳೂರಿನಿಂದ ಬಂದ ತರಬೇತುದಾರ ಎರಡೂ ತೋಳು ಚಾಚಿ ಕೇಳಿದ.

"ಮೂವತ್ತೊಂದು," ಎಂದಳು ಕಾಂಚನಾ.

"ಮೂವತ್ತೊಂದು," ಎಂದಿತು ಅದೇ ಗಳಿಗೆಯಲ್ಲಿ ಹಿಂದಿನ ಸಾಲಿನ ಒಂದು ಗಂಡು ದನಿ.

ಅವಳು ತಿರುಗಿ ನೋಡಿದಳು. ತೋಳು ಮಡಚಿದ ಬಿಳಿ ಅಂಗಿ, ಎರಡು ದಿನದ ಗಡ್ಡ, ತುಟಿಯ ತನಕ ಬಂದು ಅಲ್ಲೇ ನಿಂತ ನಗು. ಸರಕಾರಿ ಸಭೆಯಲ್ಲಿ ತಲೆ ಎಣಿಸುವ ಚಟ ತನಗೊಬ್ಬಳಿಗೇ ಇದೆ ಎಂದು ಅವಳು ಈವರೆಗೆ ನಂಬಿದ್ದಳು.

ನಲವತ್ತೆರಡು ಎನ್ನುವುದು ಸಹಿಗಳ ಸಂಖ್ಯೆ. ಹನ್ನೊಂದು ಅಧಿಕಾರಿಗಳು ಬಂದಿರಲಿಲ್ಲ, ಅವರ ಸಹಿ ಮಾತ್ರ ಹೊತ್ತಿಗೆ ಸರಿಯಾಗಿ ಬಂದಿದ್ದವು. ಬಂದವರಲ್ಲಿ ಇಪ್ಪತ್ತೆರಡು ಮಂದಿ ಅಧಿಕಾರಿಗಳು, ಒಂಬತ್ತು ಮಂದಿ ಸಂಘ ಸಂಸ್ಥೆಗಳವರು. ಗದಗಿನ ಆ ಬಾಡಿಗೆ ಸಭಾಂಗಣದ ಗೋಡೆಗೆ 'ನಾಗರಿಕ ಸಂಸ್ಥೆಗಳೊಂದಿಗೆ ಪರಿಣಾಮಕಾರಿ ಸಹಕಾರ: ಅಧಿಕಾರಿಗಳಿಗೆ ಎರಡು ದಿನಗಳ ತರಬೇತಿ' ಎಂಬ ಬ್ಯಾನರ್ ತೂಗುಹಾಕಿದ್ದರು. ಯಾರು ಯಾರೆಂದು ತಿಳಿಯಲಿ ಎಂದು ಎಲ್ಲರ ಎದೆಗೂ ಒಂದೊಂದು ಬ್ಯಾಡ್ಜ್ ಚುಚ್ಚಿದ್ದರು. ಎಲ್ಲ ಬ್ಯಾಡ್ಜಿನ ಮೇಲೂ ಒಂದೇ ಹೆಸರು: 'ಶಿಬಿರಾರ್ಥಿ'.

ಮೊದಲ ಆಟ ನೂಲಿನ ಉಂಡೆಯದು. ಎಲ್ಲರೂ ದುಂಡಗೆ ನಿಂತು ಉಂಡೆಯನ್ನು ಒಬ್ಬರಿಂದೊಬ್ಬರಿಗೆ ಎಸೆಯಬೇಕು, ಎಳೆ ಹಿಡಿದಿರಬೇಕು. ಕೊನೆಗೆ ಅಧಿಕಾರಿ, ಸಂಸ್ಥೆ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಬಲೆಯಾಗುತ್ತಾರೆ. ಬಲೆಯೇನೋ ಆಯಿತು. ಬೆಟಗೇರಿಯ ನೇಕಾರ ಮಹಿಳೆಯರ ಸಂಘದಿಂದ ಬಂದಿದ್ದ ಸುಮಿತ್ರವ್ವ ಅದನ್ನು ಸ್ವಲ್ಪ ಹೊತ್ತು ನೋಡಿದಳು.

"ಚಲೋ ನೂಲು ಗಂಟ ಮಾಡಿ ಇಟ್ರಿ ತಮ್ಮಾ. ಇನ್ನ ಇದು ಯಾವ ಮಗ್ಗಕ್ಕೂ ಬರೂದಿಲ್ಲ."

ಎಲ್ಲರೂ ನಕ್ಕರು. ತರಬೇತುದಾರ ಎಲ್ಲರಿಗಿಂತ ಜೋರಾಗಿ ನಕ್ಕು, ಅದನ್ನು 'ಫೀಡ್‌ಬ್ಯಾಕ್' ಎಂದು ಬರೆದುಕೊಂಡ.

ಚಹಾದ ಹೊತ್ತಿಗೆ ಬಿಳಿ ಅಂಗಿಯವನು ಎರಡು ಕಪ್ಪು ಹಿಡಿದು ಅವಳ ಪಕ್ಕ ಬಂದು ನಿಂತ.

"ನೀವು ಯಾವಾಗ ಎಣಿಸಿದ್ರಿ?"

"ಪ್ರಾರ್ಥನಾಗೀತಿ ನಡದಾಗ. ಎಲ್ಲಾರೂ ನಿಂತಿರ್ತಾರಲ್ರಿ, ಎಣಸಾಕ ಸಲೀಸು."

"ನಾನೂ ಆವಾಗನ. ಅಂದ್ರ ದೇವರ ಕಡೆ ಲಕ್ಷ್ಯ ಇಬ್ಬರದೂ ಇದ್ದಿಲ್ಲ."

ಅವನು ಮಾತಾಡುವಾಗ ಎಡ ಹುಬ್ಬು ಮಾತಿಗಿಂತ ಅರ್ಧ ಗಳಿಗೆ ಮೊದಲೇ ಏಳುತ್ತಿತ್ತು. ಇಷ್ಟು ಸಣ್ಣ ಸಂಗತಿಯನ್ನು ತಾನೇಕೆ ಗಮನಿಸುತ್ತಿದ್ದೇನೆ ಎಂದು ಕಾಂಚನಾ ತನ್ನ ಮೇಲೆಯೇ ಸಿಡುಕಿದಳು. ಇಪ್ಪತ್ತೊಂಬತ್ತು ವರ್ಷಕ್ಕೆ ಅವಳು ಕಂಡ ಗಂಡಸರಲ್ಲಿ ಅಂಕಿಸಂಖ್ಯೆ ಸರಿಯಾಗಿ ಹೇಳಿದವರು ಕಡಿಮೆ. ಬಹುಶಃ ಅದೇ ಕಾರಣ.

"ನೀವು ಯಾವ ಸಂಸ್ಥೆ?" ಅವಳು ಕೇಳಿದಳು. ಇಷ್ಟು ಶುದ್ಧವಾಗಿ ಎಣಿಸುವವನು ಅಧಿಕಾರಿ ಇರಲಾರ ಎಂಬುದು ಅವಳ ಊಹೆ.

"ಸಣ್ಣದು. ಶಿರಹಟ್ಟಿ ಕಡೇದು. ನೀವು?"

"ಲಕ್ಷ್ಮೇಶ್ವರ. ಸಾಲಿ ಬಿಟ್ಟ ಹುಡುಗೇರಿಗೆ ಹತ್ತನೇತ್ತೆ ಪರೀಕ್ಷಾ ಕಟ್ಟಸ್ತೀವಿ. ಶಿರಹಟ್ಟಿ ಕಡೆಯಂದ್ರಲಾ, ಅಲ್ಲೊಂದ್ ಊರಾಗ ಹನ್ನೊಂದು ಹುಡುಗೇರು ಅದಾರ. ಹಗಲೆಲ್ಲಾ ಮೆಣಸಿನಕಾಯಿ ತೊಟ್ಟು ಮುರ್ಯಾಕ ಹೋಗ್ತಾರ. ಓದಾಕ ಹೊತ್ತು ಅಂದ್ರ ಸಂಜಿ ಆರರಿಂದ ಎಂಟು, ಜಾಗ ಅಂದ್ರ ಪಂಚಾಯಿತಿ ಗ್ರಂಥಾಲಯ. ಅದು ಐದಕ್ಕ ಬಂದ್. ಕೀಲಿ ಕೊಡ್ರಿ ಅಂತ ಒಂದೂವರೆ ವರ್ಷದಾಗ ನಾಕು ಅರ್ಜಿ ಕೊಟ್ಟೆ. ನಾಕಕ್ಕೂ ಒಂದs ಉತ್ರ. ಅಲ್ಲಿ ಪಿಡಿಓ ಅಂತ ಒಂದು ಕತ್ತಿ ಐತಿ."

"ಕತ್ತಿ?"

"ಕತ್ತಿನ. ಉದ್ದ ಕಿವಿ, ನಾಕು ಕಾಲಿಂದು. ನಾಕು ಸಲ ಆಫೀಸಿಗೆ ಹೋದೆ, ನಾಕೂ ಸಲ 'ಸಾಹೇಬ್ರು ಕಾಮಗಾರಿ ನೋಡಾಕ ಹೋಗ್ಯಾರ' ಅಂದ್ರು. ಮಾರಿನ ನೋಡಿಲ್ಲ ನಾ. ನೋಡೂ ಆಸೇನೂ ಇಲ್ಲ. ಮಾರ್ಚಿನಾಗ ಪರೀಕ್ಷಾ, ಇದು ಜನವರಿ. ಇನ್ನೊಂದ್ ತಿಂಗಳು ಹಿಂಗs ಹೋದ್ರ ಆ ಹುಡುಗೇರು ಕುಂಡ್ರೂದs ಇಲ್ಲ."

ಅವನು ಚಹಾ ಪೂರ್ತಿ ಕುಡಿದು ಮುಗಿಸಿದ. "ಆ ಕತ್ತಿಗೆ ಹೆಸರೈತೇನ್ರಿ?"

"ಶಿವಯೋಗಿಯಂತ. ಹೆಸರಿಟ್ಟವರು ಮಗ ದೊಡ್ಡಾಂವ ಆಗೂತನಕ ತಡೀಬೇಕಿತ್ತು."

ಅವನು ನಗಲಿಲ್ಲ. ಕಪ್ಪುಗಳನ್ನು ಬುಟ್ಟಿಗೆ ಹಾಕಲು ಹೋದವನು ಅವಳ ಬಳಿ ಮತ್ತೆ ಬರಲಿಲ್ಲ. ನಗದೆ ಹೋದದ್ದು ಅವಳಿಗೆ ಒಂದಿಷ್ಟು ಬೇಸರ ತಂದಿತು.

ಊಟಕ್ಕೆ ಮೊದಲು 'ಪಾತ್ರ ಬದಲು' ಎಂಬ ಆಟ. ಸಂಸ್ಥೆಯವರು ಅಧಿಕಾರಿಯಾಗಬೇಕು, ಅಧಿಕಾರಿಗಳು ಸಂಸ್ಥೆಯವರಾಗಿ ಅರ್ಜಿ ಹಿಡಿದು ಬರಬೇಕು. ಒಬ್ಬೊಬ್ಬರಿಗೂ ಒಂದು ಚೀಟಿ. ಕಾಂಚನಾ ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂತಳು. ಚೀಟಿ ಹಿಡಿದು ಎದುರು ಬಂದು ನಿಂತವನು ಬಿಳಿ ಅಂಗಿಯವನೇ.

ಅವಳ ಊಹೆ ಅಲ್ಲಿಗೆ ಅರ್ಧ ಮುರಿಯಿತು. ಇವನು ಅಧಿಕಾರಿ. ಇರಲಿ, ಯಾವುದೋ ಇಲಾಖೆಯ ಒಳ್ಳೆಯವನು.

"ನಮಸ್ಕಾರ ಮೇಡಂ. ನಮ್ಮ ಹುಡುಗೇರಿಗೆ ಓದಾಕ ಸಂಜಿ ಎರಡು ತಾಸು ಗ್ರಂಥಾಲಯದ ಕೀಲಿ ಬೇಕಿತ್ತು," ಎಂದ. ಚೀಟಿಯಲ್ಲಿ ಇದ್ದದ್ದು ಸಸಿ ನೆಡುವ ವಿಷಯ. ಅವನು ಚೀಟಿ ನೋಡಲೇ ಇಲ್ಲ.

ತನಗಾಗಿ ಆಡುತ್ತಿದ್ದಾನೆ ಎಂದು ಅವಳಿಗೆ ಒಳಗೇ ಹಿಗ್ಗಾಯಿತು. ಕನ್ನಡಕ ಮೂಗಿನ ತುದಿಗೆ ಇಳಿಸಿ, ತಲೆ ಎತ್ತದೆ, ನಾಲ್ಕು ಸಲ ಬಂದು ಬಾಯಿಪಾಠವಾಗಿದ್ದ ಪತ್ರವನ್ನು ಒಪ್ಪಿಸಿದಳು: "ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ನಿಯಮಾವಳಿಯಲ್ಲಿ ಅವಕಾಶವಿಲ್ಲದ ಕಾರಣ ಪರಿಗಣಿಸಲು ಬರುವುದಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಇಲ್ಲ ಎನ್ನುವುದು ಇಷ್ಟು ಹಿತವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎದುರಿನವನು ನಿಂತಿದ್ದಾನೆ, ತಾನು ಕೂತಿದ್ದೇನೆ, ಅಷ್ಟರಿಂದಲೇ ಬೆನ್ನು ನೆಟ್ಟಗಾಗಿತ್ತು.

"ಯಾವ ನಿಯಮ ಮೇಡಂ?" ಅವನು ಮೆಲ್ಲಗೆ ಕೇಳಿದ. "ಒಂದ್ ಸಲ ತೋರಸ್ರಿ. ಓದಿಕೊಂಡು ಹೊಳ್ಳಿ ಹೋಗ್ತೀನಿ."

ಅವಳು ಕನ್ನಡಕವನ್ನು ಮತ್ತೆ ಮೇಲೇರಿಸಿದಳು.

"ವಂಡರ್‌ಫುಲ್!" ಎಂದು ತರಬೇತುದಾರ ನಡುವೆ ಬಂದ. "ಇದು ರಿಪೋರ್ಟಿಗೆ ಬೇಕು. ಸರ್, ನಿಮ್ಮ ಹೆಸರು, ಹುದ್ದೆ?"

"ಶಿವಯೋಗಿ. ಪಿಡಿಓ," ಎಂದ ಅವನು, ಅವಳನ್ನೇ ನೋಡುತ್ತ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ. ಕಾಂಚನಾ ಒಂದು ತುತ್ತೂ ಮುಟ್ಟದೆ ಅವನ ಎದುರಿನ ಕುರ್ಚಿ ಎಳೆದು ಕೂತಳು.

"ಅಂದ್ರ ನಿಯಮ ಇಲ್ಲ."

"ಇಲ್ರಿ."

"ನಿಮಗ ಗೊತ್ತಿತ್ತು."

"ಮೊದಲನೇ ದಿನದಿಂದ ಗೊತ್ತಿತ್ತು."

"ಮತ್ತ್ಯಾಕ?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಮೊದಲನೇ ಅರ್ಜಿಯೊಳಗ ಕಡೀ ಸಾಲು: 'ತಮ್ಮಂಥ ನಿದ್ರಿಸುವ ಅಧಿಕಾರಿಗಳು ಇನ್ನಾದರೂ ಎಚ್ಚರಗೊಳ್ಳುವಿರೆಂದು ಭಾವಿಸುತ್ತೇವೆ.' ಎರಡನೇದ್ದು: 'ಕುರ್ಚಿಯ ಮೇಲಿನ ಧೂಳಿಗೂ ತಮಗೂ ವ್ಯತ್ಯಾಸವಿದೆಯೆಂದು ತೋರಿಸಲು ಇದೊಂದು ಅವಕಾಶ.' ಮೂರನೇದ್ದು ಹೇಳ್ಲೇನು?"

"ಬ್ಯಾಡ."

"ಮೊದಲನೇದ್ದಕ್ಕ ಹೂಂ ಅಂತ ಬರ್ಯಾಕ ಪೆನ್ ತಗೊಂಡಿದ್ದೆ. ಕಡೀ ಸಾಲು ಓದಿದೆ. ಪೆನ್ ಇಲ್ಲ ಅನ್ನೂ ಕಡೆ ಹೊಳ್ಳಿತು. ನಾಕು ಪತ್ರ ಬರದ್ರಿ, ನಾಕರಾಗೂ ಬೈದ್ರಿ, ಯಾವ ನಿಯಮ ಅಂತ ಒಂದು ಸಲ ಕೇಳ್ಳಿಲ್ಲ. ಕೇಳಿದ್ರ ನನ್ನ ಕಡೆ ಉತ್ರ ಇದ್ದಿಲ್ಲ."

ಅದು ನಿಜ. ಅವಳು ಕೇಳಿರಲಿಲ್ಲ. ಕತ್ತೆಯನ್ನು ಯಾರು ನಿಯಮ ಕೇಳುತ್ತಾರೆ? ಬೈಗುಳ ಚೆನ್ನಾಗಿ ಬಂದಿದೆ ಎಂದು ಮೂರನೆಯ ಅರ್ಜಿಯನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ತೋರಿಸಿದ್ದಳು, ಅದೂ ನೆನಪಾಯಿತು. ಆದರೆ ತನ್ನ ತಪ್ಪು ಕಂಡಿತೆಂದು ಎದುರಿನವನ ತಪ್ಪನ್ನು ಮನ್ನಿಸುವ ಜಾತಿಯವಳಲ್ಲ ಕಾಂಚನಾ.

"ಮದಲ ಹದಿನಾಕು ಹುಡುಗೇರಿದ್ರು," ಎಂದಳು. "ಈಗ ಹನ್ನೊಂದು. ಇಬ್ಬರದು ಮದುವಿ ಆತು. ರೇಷ್ಮಾ ಅನ್ನಾಕಿ, 'ಕುಂತು ಓದಾಕ ಜಾಗಾನ ಇಲ್ಲಕ್ಕಾ' ಅಂತ ಪುಸ್ತಕ ಕಟ್ಟಿಟ್ಟು ಕುಂತಾಳ. ನಾ ಬೈದದ್ದು ನಿಮ್ಮನ್ನ. ಪೆನ್ ಹೊಳ್ಳಿದ್ದು ಆಕಿ ಮ್ಯಾಲೆ. ನಿಮ್ಮ ಮಾನ ಅಷ್ಟು ತುಟ್ಟಿ ಏನ್ರಿ ಸಾಹೇಬ್ರ?"

ಎಡ ಹುಬ್ಬು ಏಳಲಿಲ್ಲ. ಅವನ ಮುಖದಲ್ಲಿ ಏನೋ ಮಡಚಿಕೊಂಡಿತು. ತನ್ನ ಮಾತು ತಾಗಿದ್ದನ್ನು ಕಂಡರೂ ಅವಳಿಗೆ ಗೆದ್ದೆ ಅನಿಸಲಿಲ್ಲ. ಬದಲಿಗೆ ಆ ಮಡಚಿದ್ದನ್ನು ಕೈಯಿಂದ ಸವರಿ ನೇರ ಮಾಡಬೇಕು ಅನಿಸಿತು. ಅದಕ್ಕೆ ಇನ್ನಷ್ಟು ಸಿಟ್ಟಾಗಿ ಎದ್ದುಹೋದಳು.

ಎರಡನೆಯ ದಿನ ಅವನು ಬರಲಿಲ್ಲ. ಕಾಂಚನಾ ಪ್ರಾರ್ಥನೆಯ ಹೊತ್ತಿಗೆ ಎಣಿಸಿದಳು, ಇಪ್ಪತ್ತೇಳು. ಆಮೇಲೆ ಮತ್ತೆ ಎಣಿಸಿದಳು, ಬೇರೆ ಕಾರಣಕ್ಕೆ. 'ಓಡಿಹೋದ, ಇವರ ಹಣೆಬರಹವೇ ಇಷ್ಟು' ಎಂದು ಮನಸ್ಸಿನಲ್ಲೇ ಐದನೆಯ ಅರ್ಜಿ ಬರೆಯತೊಡಗಿದಳು. ಕೊನೆಯ ಸಾಲಿಗೆ ಬಂದಾಗ ಬೈಗುಳ ಹೊಳೆಯಲಿಲ್ಲ.

ಆ ದಿನದ ಕಾರ್ಯಕ್ರಮ 'ಸಂಕಲ್ಪ'. ನಿನ್ನೆ ಪಾತ್ರ ಬದಲಿಸಿದ ಅಧಿಕಾರಿ, ಸಂಸ್ಥೆಯವರು ಅದೇ ಜೋಡಿಯಾಗಿ ಚಾರ್ಟ್ ಹಾಳೆಯ ಮೇಲೆ ಸಂಕಲ್ಪ ಬರೆದು, ಕೈಕುಲುಕಿ, ಫೋಟೋಕ್ಕೆ ನಿಲ್ಲಬೇಕು. 'ಸಮನ್ವಯ ಸಾಧಿಸುತ್ತೇವೆ' ಎಂದು ಆರು ಜೋಡಿ ಬರೆದವು. 'ಕೈಜೋಡಿಸುತ್ತೇವೆ' ಎಂದು ಎರಡು. ಯಾವ ಊರಿನಲ್ಲಿ, ಯಾವ ಕೆಲಸಕ್ಕೆ, ಯಾವ ತಾರೀಖಿನೊಳಗೆ ಎಂದು ಒಬ್ಬರೂ ಬರೆಯಲಿಲ್ಲ. ಸಂಸ್ಥೆಯವರಲ್ಲಿ ಜೋಡಿಯಿಲ್ಲದೆ ಉಳಿದವಳು ಕಾಂಚನಾ ಒಬ್ಬಳೇ. ಅವಳಿಗೆ ಚಾರ್ಟ್ ಹಿಡಿದು ನಿಲ್ಲುವ ಕೆಲಸ ಕೊಟ್ಟರು.

ಮೂರೂವರೆಗೆ ಬಾಗಿಲಲ್ಲಿ ಶಿವಯೋಗಿ ಕಾಣಿಸಿದ. ಅದೇ ಬಿಳಿ ಅಂಗಿ, ಈಗ ಬಿಳಿಯಲ್ಲ. ಬೈಕಿನ ಧೂಳು ಹುಬ್ಬಿನ ತನಕ ಕೂತಿತ್ತು.

"ಸರ್, ಅರ್ಧ ದಿನ ಆಬ್ಸೆಂಟ್. ಸರ್ಟಿಫಿಕೇಟ್ ಬರಲ್ಲ," ಎಂದ ತರಬೇತುದಾರ ಬಹಳ ದುಃಖದಿಂದ. ಒಮ್ಮೆಯೂ ಬಾರದ ಹನ್ನೊಂದು ಮಂದಿಯ ಸರ್ಟಿಫಿಕೇಟುಗಳು ಅವನ ಕೈಯಲ್ಲೇ ಇದ್ದವು.

"ಬ್ಯಾಡ ಬಿಡ್ರಿ," ಎಂದ ಶಿವಯೋಗಿ. ನೆಟ್ಟಗೆ ಕಾಂಚನಾಳ ಬಳಿ ಬಂದು ಒಂದು ಹಾಳೆ ಕೊಟ್ಟ.

ಅವಳು ಓದಿದಳು. ಪರೀಕ್ಷೆ ಮುಗಿಯುವ ತನಕ ಗ್ರಂಥಾಲಯ ಪ್ರತಿದಿನ ಸಂಜೆ ಆರರಿಂದ ಎಂಟು, ಇಂದಿನಿಂದಲೇ. ಪಂಚಾಯಿತಿ ಅಧ್ಯಕ್ಷೆ ಗದಿಗೆವ್ವಳ ಸಹಿ, ಪಿಡಿಓ ಸಹಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಒಪ್ಪಿಗೆಗೆ ಇಡುವುದಾಗಿ ಟಿಪ್ಪಣಿ. ಗ್ರಂಥಪಾಲಕ ಮಹಬೂಬಸಾಬ ತಾನೇ ಬಂದು ಕೂರಲು ಒಪ್ಪಿದ್ದಾನೆಂದು ಕೆಳಗೆ ಅವನದೂ ಸಹಿ. ತಪ್ಪು ಹುಡುಕಿದಳು. ಸಿಗಲಿಲ್ಲ.

"ರೇಷ್ಮಾನ ಮನಿಗೂ ಹೋಗಿದ್ದೆ," ಎಂದ. "ಪುಸ್ತಕ ಬಿಚ್ಚತೇನಿ ಅಂದ್ಲು. ಆದ್ರ ನನಗ ಮಾರಿಮ್ಯಾಲೆ ಕೇಳಿದ್ಲು, 'ಒಂದೂವರೆ ವರ್ಷ ಏನ್ ಮಾಡ್ತಿದ್ರಿ ಸರ್?' ಅಂತ."

"ಏನಂದ್ರಿ?"

"ಸಿಟ್ಟ ಮಾಡಿಕೊಂಡು ಕುಂತಿದ್ದೆ ಅಂದೆ. ಖರೆ ಹೇಳಿದೆ."

ಕಾಂಚನಾ ಚಾರ್ಟನ್ನು ಗೋಡೆಗೆ ಒರಗಿಸಿದಳು. "ನಡೀರಿ. ಆರಕ್ಕ ತೆಗೀತಾರೋ ಇಲ್ಲೋ ನೋಡಬೇಕು. ಹಾಳಿ ಮ್ಯಾಲೆ ನನಗ ನಂಬಿಕಿಲ್ಲ."

ಬೈಕಿನ ಹಿಂದೆ ಕೂತು ಅವಳು ನಡುವೆ ತನ್ನ ಬ್ಯಾಗು ಇಟ್ಟುಕೊಂಡಳು. ಅರ್ಧ ದಾರಿಯಲ್ಲಿ, ರಸ್ತೆ ಹಾಳೆಂಬ ನೆಪದಲ್ಲಿ, ಬ್ಯಾಗು ಹೆಗಲಿಗೆ ಹೋಯಿತು. ನೆಪ ಪೂರ್ತಿ ಸುಳ್ಳಲ್ಲ, ಆ ರಸ್ತೆ ನಿಜವಾಗಿಯೂ ಹಾಳಾಗಿತ್ತು.

ಆರಕ್ಕೆ ಐದು ನಿಮಿಷ ಇರುವಾಗಲೇ ಮಹಬೂಬಸಾಬ ಬಾಗಿಲು ತೆಗೆದಿದ್ದ. ಹುಡುಗಿಯರು ಕೈಯಲ್ಲಿನ ಮೆಣಸಿನಕಾಯಿಯ ಘಾಟು ತೊಳೆದುಕೊಂಡು ಒಬ್ಬೊಬ್ಬರಾಗಿ ಬಂದರು. ಕಣ್ಣು ಉಜ್ಜಬಾರದೆಂದು ಒಬ್ಬರಿಗೊಬ್ಬರು ಎಚ್ಚರಿಸುತ್ತ ಬೀಜಗಣಿತ ತೆಗೆದರು. ಕೊನೆಗೆ ಬಂದ ರೇಷ್ಮಾ ಪಿಡಿಓನನ್ನು ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋದಳು.

ಹೊರಗಿನ ಕಟ್ಟೆಯ ಮೇಲೆ ಇಬ್ಬರೂ ಕೂತರು.

"ಮದಲಿನ ಅಭಿಪ್ರಾಯ ನಾ ಬದಲ್ ಮಾಡಿಲ್ಲ," ಎಂದಳು ಕಾಂಚನಾ.

"ಗೊತ್ತೈತಿ." ಅವನು ಧೂಳಿನ ಅಂಗೈ ನೋಡಿಕೊಂಡ. "ಒಂದ್ ಮಾತು ಕೇಳ್ಲೇನು? ಮುಂಡರಗಿಯಾಗ ನಮ್ಮವ್ವ ನನಗ ಹೆಣ್ಣು ನೋಡಾಕತ್ತಾಳ. ಐತವಾರ ಒಂದ್ ಮನಿಗೆ ಹೋಗೂದೈತಿ. ಹೋಗ್ಲೋ, ಬಿಡ್ಲೋ?"

ಚುಚ್ಚುವಂಥ ಮೂರು ಉತ್ತರಗಳು ಅವಳ ನಾಲಗೆಯ ತುದಿಗೆ ಬಂದವು. ಮೂರೂ ಚೆನ್ನಾಗಿದ್ದವು. ಎದುರಿನವನು ಈ ಸಲ ಹುಬ್ಬು, ತುಟಿ ಯಾವುದನ್ನೂ ಮುಂದೆ ಬಿಡದೆ ಕಾಯುತ್ತಿದ್ದ. ಮೂರನ್ನೂ ನುಂಗಿದಳು.

"ಹೋಗಬ್ಯಾಡ್ರಿ."

ಶಿವಯೋಗಿ ಅಲ್ಲೇ ಫೋನ್ ತೆಗೆದ. "ಅವ್ವಾ, ಐತವಾರ ನಾ ಬರೂದಿಲ್ಲ... ಆರಾಮ ಅದೀನಿ... ಹೂಂ, ಒಬ್ಬಾಕಿ ಅದಾಳ... ನಿನ್ನೆ ಮಾರಿ ನೋಡೀನಿ... ಎಂಥಾಕಿ ಅಂದ್ರ..." ಅವನು ಅವಳತ್ತ ತಿರುಗಿ ಬಹಳ ಹೊತ್ತು ನೋಡಿದ. "ಭಾಳ ಬೈತಾಳವಾ."

ಫೋನಿನಿಂದ ಅವನ ತಾಯಿ ಅಮೃತವ್ವನ ನಗು ಕಟ್ಟೆಯ ತನಕ ಕೇಳಿಸಿತು. "ಹಂಗಾರ ಜಲ್ದಿ ಕರಕೊಂಡ ಬಾ. ನಾ ಒಬ್ಬಾಕಿನ ನಿನಗ ಬೈದು ಬೈದು ಸಾಕಾಗೇತಿ."

"ಕೊಡ್ರಿ ಇಲ್ಲೆ," ಎಂದು ಕಾಂಚನಾ ಕೈ ಚಾಚಿದಳು. "ನನ್ನ ಸುದ್ದಿ ನಾನs ಹೇಳ್ತೀನಿ."