ಒಂದು ಗೇಣು ಅಂಚು

"ಚಿತ್ರದಲ್ಲಿ ಮುಖ ಕಾಣತ್ತೆ, ಇದನ್ನ ಹಾಕ್ಕೊಂಡ್ರೆ ಮೂಗಿನ ತುದೀನೂ ಕಾಣಲ್ಲ. ಯಾರಿಗೆ ಟೋಪಿ ಹಾಕ್ತಾ ಇದೀಯ, ಜೇಲಿ?"

ಮದಾಮ್ ಬ್ರೋಶೆ ಫ್ಯಾಷನ್ ಪತ್ರಿಕೆಯ ಬಣ್ಣದ ಚಿತ್ರವನ್ನು ನನ್ನ ಮುಖಕ್ಕೆ ಹಿಡಿದರು. ಹುಲ್ಲಿನ ಟೋಪಿ, ಗದ್ದದ ಕೆಳಗೆ ಹಸಿರು ರಿಬ್ಬನ್, ಚಿತ್ರದಡಿಯಲ್ಲಿ ನನ್ನ ಅಂಗಡಿಯ ಹೆಸರು. ಎಲ್ಲ ಸರಿ. ಆದರೆ ನಾನು ಹೊಲಿದ ಟೋಪಿಯ ಅಂಚು ಒಂದು ಗೇಣು ಮುಂದೆ ಚಾಚಿದೆ. ಈ ವಸಂತದಲ್ಲಿ ಇಡೀ ಪ್ಯಾರಿಸ್ಸೇ ಹಾಗೆ ಮುಖ ಮುಚ್ಚಿಕೊಂಡು ತಿರುಗುತ್ತಿದೆ. ಚಿತ್ರದಲ್ಲಿ ಮಾತ್ರ ಆ ಅಂಚು ಎರಡು ಬೆರಳಗಲ.

ಮದಾಮ್ ಎದುರಂಗಡಿಗೆ ನಡೆದರು. ಹಾಗೆ ಎದ್ದುಹೋದವರಲ್ಲಿ ಅವರೇ ಮೊದಲಿನವರಲ್ಲ. ಇನ್ನೊಂದಿಷ್ಟು ಜನ ಹೀಗೇ ಹೋದರೆ ನಾನು ಅಂಗಡಿಗೆ ಬೀಗ ಜಡಿದು, ರೂವಾನ್ ಊರಿನಲ್ಲಿರುವ ಅಕ್ಕನ ಮನೆ ಸೇರಬೇಕು.

ಇದಕ್ಕೆಲ್ಲ ಕಾರಣ ಆನ್ಸೆಲ್ಮ್, ಪತ್ರಿಕೆಗೆ ಚಿತ್ರ ಬರೆಯುವವನು. ವಾರವಾರ ಹಲಗೆ, ಪೆನ್ಸಿಲ್ ಹಿಡಿದು ಬರುತ್ತಾನೆ. ಮರದ ತಲೆಗೆ ಹಾಕಿದರೆ ಟೋಪಿಗೆ ಜೀವ ಬರುವುದಿಲ್ಲವೆಂದು ನನ್ನ ತಲೆಗೇ ಹಾಕಿಸಿ ಕೂರಿಸುತ್ತಾನೆ. ವರ್ಷದಿಂದ ಹೀಗೆ ನೋಡುತ್ತಿದ್ದಾನೆ. ಎಂಥ ನೋಟ ಅಂತೀರಿ! ಅವನು ಕಣ್ಣೆತ್ತಿದರೆ ನನಗೆ ಉಸಿರಾಡುವುದು ಮರೆತುಹೋಗುತ್ತದೆ. ಬಾಯಿ ಬಿಟ್ಟರೆ ಮಾತ್ರ, "ತಲೆ ಸ್ವಲ್ಪ ಎಡಕ್ಕೆ, ಮದ್ಮಾಸೆಲ್." ಇಷ್ಟು ಹೇಳುವುದಕ್ಕೆ ದೇವರು ಅವನಿಗೆ ನಾಲಿಗೆ ಕೊಟ್ಟನೇ?

ಅಂದು ಮಧ್ಯಾಹ್ನವೂ ಬಂದ. ನಾನು ಹೊಸ ಟೋಪಿ ಹಾಕಿಕೊಂಡು, ಕುದಿಯುತ್ತಾ ಕೂತೆ.

"ತಲೆ ಸ್ವಲ್ಪ..."

"ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ!" ಪತ್ರಿಕೆಯ ಚಿತ್ರವನ್ನು ಅವನ ಮಡಿಲಿಗೆ ಎಸೆದೆ. "ಅಂಚು ಎಲ್ಲಿ ಹೋಯ್ತು? ಇಲಿ ತಿಂತಾ?"

"ಸ್ವಲ್ಪ ಕಮ್ಮಿ ಆಗಿದೆ ಅನ್ಸತ್ತೆ."

"ಸ್ವಲ್ಪ! ಚರ್ಚಿನ ಗೋಪುರ ಬರೆಯೋವಾಗ್ಲೂ ಹೀಗೇ ಅರ್ಧಕ್ಕೆ ಕತ್ತರಿಸ್ತೀರಾ? ಕಣ್ಣು ಸರಿಯಿಲ್ವಾ ನಿಮಗೆ?"

"ಕಣ್ಣು ಚೆನ್ನಾಗೇ ಇದೆ."

"ಹಾಗಾದ್ರೆ ನನ್ನ ಮೇಲೆ ಏನಾದ್ರೂ ಹಗೆನಾ? ಎದುರಂಗಡಿಯವಳು ಹೇಳ್ಕೊಟ್ಳಾ?"

ಅವನ ಕಿವಿ ಕೆಂಪಾಯಿತು. ಪೆನ್ಸಿಲ್ ತುದಿಯನ್ನೇ ನೋಡುತ್ತಾ ಹೇಳಿದ.

"ಪ್ರತಿ ಸಲ ಅಳತೆಗೆ ಸರಿಯಾಗೇ ಶುರು ಮಾಡ್ತೀನಿ. ಅಂಚು ನಿಮ್ಮ ಕೆನ್ನೆ ಹತ್ರ ಬಂದಾಗ, ಮುಚ್ಚೋಕೆ ಮನಸ್ಸು ಬರಲ್ಲ. ಅಳಿಸಿಬಿಡ್ತೀನಿ."

"ಜನ ಕೊಳ್ಳೋದು ಟೋಪಿನ, ಕೆನ್ನೇನಲ್ಲ!"

"ಗೊತ್ತು. ಆದ್ರೆ ನಾನು ಇಲ್ಲಿಗೆ ಬರೋದು ಟೋಪಿಗಲ್ಲ, ಜೇಲಿ."

ನನ್ನ ವ್ಯಾಪಾರ ಅರ್ಧ ಮುಳುಗಿಸಿದ ಮೇಲೆ ಈ ಮಾತು! ನಗಬೇಕೋ, ಹಲಗೆ ಕಿತ್ತುಕೊಂಡು ಅವನ ತಲೆಗೆ ಹೊಡೆಯಬೇಕೋ ತಿಳಿಯಲಿಲ್ಲ. ವರ್ಷವೆಲ್ಲ ನಾನು ಕಾದದ್ದು ಈ ಒಂದು ಮಾತಿಗೇ.

"ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು ನಿಮಗೆ? ಅಂಗಡಿ ಮುಚ್ಚೋವರೆಗೂ ಕಾಯ್ಬೇಕಿತ್ತಾ?"

ನನ್ನ ಧ್ವನಿ ನಡುಗಿತು. ಸಿಟ್ಟಿಗೆ ಎಂದುಕೊಳ್ಳಲಿ ಬಿಡಿ.

ಅವನು ಹಲಗೆ ಕೆಳಗಿಟ್ಟು ಎದ್ದು ಬಂದ. ಬಾಗಿದ. ನಾನು ಕಣ್ಣು ಮುಚ್ಚಿದೆ. ಟಕ್ ಎಂದು ಸದ್ದಾಯಿತು. ಕಣ್ಣು ಬಿಟ್ಟರೆ, ಅಂಚು ಬಡಿದ ಹಣೆಯನ್ನು ಉಜ್ಜಿಕೊಳ್ಳುತ್ತಾ ಒಂದು ಗೇಣು ಆಚೆಯೇ ನಿಂತಿದ್ದ.

"ಈಗ ಗೊತ್ತಾಯ್ತಾ ಎಷ್ಟುದ್ದ ಅಂತ?" ಅಂದೆ. "ಇನ್ಮೇಲೆ ಟೋಪಿನ ಮರದ ತಲೆಗೇ ಹಾಕ್ತೀನಿ, ಅಳತೆ ಹಿಡಿದು ಬರೀರಿ. ನನ್ನ ಮುಖ ಊರಿಗೆಲ್ಲ ಹಂಚೋದು ಬೇಡ. ನೀವೊಬ್ರು ನೋಡಿದ್ರೆ ಸಾಕು."

ಅವನ ಕೈಗೆ ಬಿಟ್ಟರೆ ಇನ್ನೊಂದು ವರ್ಷವಾದೀತೆಂದು, ರಿಬ್ಬನ್ನಿನ ಗಂಟನ್ನು ನಾನೇ ಬಿಚ್ಚಿದೆ.