ಬಾಗಿಲಲ್ಲಿ ನಿಂತು ‘ಹೋದೆ’ ಎಂದವನು

“ಮೇಡಂ, ಅಲ್ಲೆ ಯಾರೂ ಹಂಗ ಮಾತಾಡಂಗಿಲ್ರಿ.”

ಹಿಂದಿನ ಬೆಂಚಿನಿಂದ ಬಂದ ಮಾತಿಗೆ ಸಪ್ನಾಳ ಕೈ ಬೋರ್ಡಿನ ಮೇಲೇ ನಿಂತಿತು. ರಷ್ಯಾಕ್ಕೆ ಡಾಕ್ಟರಿಕೆ ಓದಲು ಹೊರಟವರಿಗೆ ಬೈಲಹೊಂಗಲದಲ್ಲಿ ರಷ್ಯನ್ ಕಲಿಸುವವಳು ಅವಳೊಬ್ಬಳೇ. ಮಾತಾಡಿದವನು ತಂಗಿಯನ್ನು ಕ್ಲಾಸಿಗೆ ಸೇರಿಸಲು ಬಂದಿದ್ದ ಕಿತ್ತೂರಿನ ಡಾಕ್ಟರ್ ಕಲ್ಮೇಶ; ರಷ್ಯಾದಲ್ಲಿ ಆರು ವರ್ಷ ಇದ್ದು ಬಂದವನಂತೆ. ಇರಲಿ, ಅದಕ್ಕೆ ಎಲ್ಲರ ಮುಂದೆ ಮಾನ ಕಳೆಯಬೇಕೇ?

“ಮತ್ತ ಹೆಂಗ ಮಾತಾಡ್ತಾರ್ರಿ?”

“ಹೊರಡಾಗ ಪುಸ್ತಕದಂಗ ‘ಹೋಗತೇನಿ’ ಅನ್ನಂಗಿಲ್ರಿ. ಬಾಗಲದಾಗ ನಿಂತ ‘ಯಾ ಪಶೋಲ್’ ಅಂತಾರ. ‘ನಾ ಹೋದೆ’ ಅಂತ.”

“ಇಲ್ಲೇ ನಿಂತಾಂವ ಹೋದೆ ಅಂದ್ರ ತಪ್ಪಲ್ರಿ?”

“ತಪ್ಪ ಖರೆ. ಆದ್ರ ಮನಿ ಮಂದಿ ಹಂಗ ಮಾತಾಡ್ತಾರ.”

ಸಪ್ನಾಳಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಆದರೂ ಅವನು ಪ್ರತಿ ಗುರುವಾರ ಬಂದು ಇಂಥ ತಪ್ಪು ಮಾತುಗಳನ್ನು ಕಲಿಸತೊಡಗಿದಾಗ, ಎಲ್ಲರಿಗಿಂತ ಮೊದಲು ಬರೆದುಕೊಂಡವಳು ಅವಳೇ. ಮೂರು ತಿಂಗಳಲ್ಲಿ ಅವಳಿಗೆ ವಾರದಲ್ಲಿ ಗುರುವಾರವೊಂದೇ ಉಳಿಯಿತು...

ಕೊನೆಗೆ ಅವನೇ ಮನೆಯವರನ್ನು ಕರೆದುಕೊಂಡು ಹೆಣ್ಣು ನೋಡಲು ಬಂದ. ಅವಲಕ್ಕಿ, ಚಹಾ ಎಲ್ಲ ಚೆನ್ನಾಗಿಯೇ ಆಯಿತು. ಹೊರಡಲು ಎಲ್ಲರೂ ಎದ್ದರು. ಎದ್ದ ಕಲ್ಮೇಶ ಮತ್ತೆ ಕುಳಿತ! ಒಂದು ಗಳಿಗೆ ಸುಮ್ಮನಿದ್ದು, ಮಾತಿಲ್ಲದೆ ಎದ್ದು ಹೋದ.

“ಎದ್ದಾಂವ ಮತ್ತ ಕುಂತಾನಂದ್ರ ಶಕುನ ಚಲೋ ಇಲ್ಲ. ಅವಗ ಮನಸ್ಸ ಇಲ್ಲ. ಬ್ಯಾಡಂತ ಹೇಳಿ ಕಳಸ್ರಿ,” ಎಂದಳು ಅಜ್ಜಿ ಶಟ್ಟೆವ್ವ. ಆ ಮನೆಯಲ್ಲಿ ಅಜ್ಜಿಯ ಮಾತು ದಾಟುವವರಿಲ್ಲ. ಮರುದಿನ ಸಂಜೆ ಫೋನ್ ಮಾಡಿ ಹೇಳುವುದೆಂದಾಯಿತು.

‘ಅವನಿಗೆ ನಾನು ಬೇಡವಾದೆನೇ?’ ಸಪ್ನಾ ಚಹಾದ ಕಪ್ಪುಗಳನ್ನೆತ್ತಿಕೊಂಡು ಒಳಗೆ ನಡೆದಳು.

ಮರುದಿನ ಗುರುವಾರ. ಎಂದಿನಂತೆ ಬಂದ ಅವನನ್ನು ಅವಳು ಬಾಗಿಲಲ್ಲೇ ತಡೆದಳು.

“ನಿನ್ನೆ ಎದ್ದಾವ್ರು ಯಾಕ ಕುಂತ್ರಿ? ನಾ ಮನಸ್ಸಿಗೆ ಬರಲಿಲ್ಲಂದ್ರ ಬಾಯಿಬಿಟ್ಟ ಹೇಳಬೇಕಿತ್ತು.”

ಕಲ್ಮೇಶ ಕಕ್ಕಾಬಿಕ್ಕಿಯಾದ. “ಅಯ್ಯ, ಅದು ರಷ್ಯಾದಾಗಿನ ರೂಢಿರಿ. ದೂರ ಹೋಗೂಮುಂದ ಒಂದ ಗಳಿಗಿ ಕುಂತ ಏಳತಾರ. ಸುಖವಾಗಿ ತಿರುಗಿ ಬರಲಿ ಅಂತ.”

“ಕಿತ್ತೂರ ಏನ ದೂರ ಐತ್ರಿ?”

“ನಿಮ್ಮನ್ನ ಬಿಟ್ಟ ಹೋಗೂದು... ದೂರ ಅನಸ್ತೈತ್ರಿ.”

ಸಪ್ನಾಳಿಗೆ ಹೋದ ಜೀವ ಬಂದಂತಾಯಿತು. ಕಣ್ಣು ಒರೆಸಿಕೊಳ್ಳುತ್ತಲೇ ಅಜ್ಜಿಗೆ ಫೋನು ಹಚ್ಚಿದಳು. ಎಲ್ಲ ಕೇಳಿದ ಶಟ್ಟೆವ್ವನ ದನಿ ಮೆತ್ತಗಾಯಿತು.

“ತಿರುಗಿ ಬರಾಕ ಕುಂತಾನಂತ? ಹಂಗಾರ ಬಾ ಅಂತ ಹೇಳು. ಹೋಳಿಗಿ ಮಾಡತೇನಿ.”

ಕ್ಲಾಸು ಮುಗಿಯಿತು. ಬಾಗಿಲಲ್ಲಿ ಕಲ್ಮೇಶ, “ಯಾ ಪಶೋಲ್,” ಎಂದ. ಹೆಜ್ಜೆ ಮಾತ್ರ ಕೀಳಲಿಲ್ಲ.

“ಹೋದೆ ಅಂತೀರಿ, ಇಲ್ಲೇ ನಿಂತೀರಿ.”

“ತಪ್ಪಾತೇನ್ರಿ?”

ಸಪ್ನಾ ನಕ್ಕಳು. “ಇರ್ಲಿ ಬಿಡ್ರಿ. ಮನಿ ಮಂದಿ ಹಂಗ ಮಾತಾಡ್ತಾರ.”