ಒಂದೂಕಾಲು ಗಂಟೆ ಅಷ್ಟೇ ಸರ್!

"ಮೇಡಂ, ಚೆನ್ನೈಗೆ ಬೇಗ ತಲುಪೋದು ಹೆಂಗೆ? ಕಾರಲ್ಲೋ, ಫ್ಲೈಟಲ್ಲೋ? ಬೇಗ ಹೇಳಿ!"

ಸರಸ್ವತಿಪುರಂನ ಆ ಪುಟ್ಟ ಟ್ರಾವೆಲ್ಸ್ ಆಫೀಸಿಗೆ ನಡುಮಧ್ಯಾಹ್ನ ನುಗ್ಗಿ ಬಂದವನ ಕಣ್ಣು ಕೆಂಪಾಗಿತ್ತು. ಹೊರಗೆ ಗೆಳೆಯನ ಕಾರು ಹೊರಡಲು ಸಿದ್ಧವಾಗಿ ನಿಂತಿತ್ತು. ಚೆನ್ನೈನಲ್ಲಿರುವ ಅವನ ಅಕ್ಕನ ಮನೆಗೆ ಹೋಗಿದ್ದ ಅಮ್ಮ ಸುಮಿತ್ರಮ್ಮ ಅಲ್ಲೇ ಆಸ್ಪತ್ರೆ ಸೇರಿದ್ದರು.

ಸಿಂಚನ ಕಂಪ್ಯೂಟರ್ ನೋಡಿದಳು. ವಿಮಾನದ ದಾರಿ ನಾನೂರು ಕಿಲೋಮೀಟರೂ ಇಲ್ಲ!

"ಕಾರು ಕಳಿಸ್ಬುಡಿ ಸರ್. ಸಂಜೆ ಏಳಕ್ಕೆ ಫ್ಲೈಟ್ ಇದೆ. ಒಂದೂಕಾಲು ಗಂಟೆ ಅಷ್ಟೇ!"

ದಿನಕ್ಕೆ ಹತ್ತು ಜನರಿಗೆ ಹೇಳುತ್ತಿದ್ದ ಮಾತು. ನಿಲ್ದಾಣದಿಂದ ನಿಲ್ದಾಣಕ್ಕೆ ಲೆಕ್ಕ ಹೇಳುವುದು ಆ ಆಫೀಸಿನ ರೂಢಿ. ಬಾಗಿಲಿಂದ ಬಾಗಿಲಿಗಾಗುವ ಹೊತ್ತಿನ ಲೆಕ್ಕ ಯಾರಿಗೆ ಬೇಕು?

ಹದಿನೈದು ದಿನದ ಮೇಲೆ ಅವನು ಮತ್ತೆ ಬಂದ... ತಲೆ ಬೋಳಿಸಿಕೊಂಡು.

"ಆಸ್ಪತ್ರೆ ಸೇರೋ ಹೊತ್ತಿಗೆ ಹತ್ತು ಗಂಟೆ. ಅಮ್ಮ ಒಂಬತ್ತಕ್ಕೇ ಹೋಗ್ಬುಟ್ಟಿದ್ರು. ಆದ್ರೂ ನಿಮ್ಮಿಂದ ಅಷ್ಟಾದ್ರೂ ಬೇಗ ಹೋದೆ ಮೇಡಂ. ಥ್ಯಾಂಕ್ಸ್."

ಅವನು ಹೋದ ಮೇಲೆ ಸಿಂಚನ ಚೀಟಿಯೊಂದರ ಮೇಲೆ ಲೆಕ್ಕ ಹಾಕಿದಳು. ಮಧ್ಯಾಹ್ನವೇ ಹೊರಟಿದ್ದರೆ ಆ ಕಾರು ಎಂಟೂವರೆಗೆ ತಲುಪುತ್ತಿತ್ತು! ಅಮ್ಮನ ಕೈ ಹಿಡಿದು ಕೂರಲು ಅವನಿಗೆ ಅರ್ಧ ಗಂಟೆ ಸಿಗುತ್ತಿತ್ತು...

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನೆಂಥ ಪಾಪಿ!'

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

ಅವನ ಹೆಸರು ರವಿಚಂದ್ರ, ಪಕ್ಕದ ಬೀದಿಯ ಟ್ಯುಟೋರಿಯಲ್‌ನಲ್ಲಿ ಗಣಿತದ ಮೇಷ್ಟ್ರು. ಮಕ್ಕಳಿಗೆಲ್ಲ ಲೆಕ್ಕ ಕಲಿಸುವ ಮಹಾಶಯ ಇದೊಂದು ಲೆಕ್ಕ ಮಾತ್ರ ಹಾಕಿರಲಿಲ್ಲ. ಅವತ್ತಿನಿಂದ ಸಂಜೆ ಐದಾದರೆ ಎರಡು ಲೋಟ ಟೀ ಹಿಡಿದು ಆಫೀಸಿಗೆ ಬರುತ್ತಿದ್ದ. ಆರು ತಿಂಗಳು ಹಾಗೇ ಕಳೆಯಿತು. ಅವಳಿಗೆ ಅವನೆಂದರೆ ಪ್ರಾಣವಾಯಿತು. ಸತ್ಯ ಮಾತ್ರ ಗಂಟಲಲ್ಲೇ ಉಳಿಯಿತು. ಹೇಳಿದರೆ ಇವನು ಹೋಗಿಬಿಡುತ್ತಾನೆ ಎಂಬ ಭಯ.

"ಅಮ್ಮ ಇದ್ದಿದ್ರೆ ನಿಮ್ಮನೆಗೆ ಹೆಣ್ಣು ಕೇಳೋಕೆ ಕಳಿಸ್ತಿದ್ದೆ," ಎಂದ ಒಂದು ಸಂಜೆ, ನಾಚುತ್ತ.

ಅವಳು ಬಿಕ್ಕಿಬಿಕ್ಕಿ ಅತ್ತಳು. ಕಾರು, ಎಂಟೂವರೆ, ಅರ್ಧ ಗಂಟೆ... ಎಲ್ಲವನ್ನೂ ಹೇಳಿದಳು.

ಅವನು ಎದ್ದು ಹೋದ.

ಹನ್ನೊಂದು ದಿನ ಅವನ ಸುಳಿವಿರಲಿಲ್ಲ. ಐದು ಗಂಟೆಯಾದರೆ ಸಿಂಚನ ಬಾಗಿಲು ನೋಡುತ್ತಿದ್ದಳು, ಆಮೇಲೆ ನೋಡಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಹನ್ನೆರಡನೆಯ ದಿನ ಅವನು ಬರಿಗೈಯಲ್ಲಿ ಬಂದು ಎದುರು ಕುಳಿತ.

"ಕೋಪ ಬಂದಿತ್ತು ಕಣ್ರೀ. ಇನ್ನೂ ಇದೆ."

"ಗೊತ್ತು..."

"ಅಮ್ಮ ಆಸ್ಪತ್ರೆ ಸೇರೋಕೂ ಹತ್ತು ದಿನ ಮುಂಚೆ ಫೋನ್ ಮಾಡಿದ್ರು. 'ಬಾರೋ, ನಿನ್ನ ನೋಡ್ಬೇಕು ಅನ್ನಿಸ್ತಿದೆ' ಅಂದ್ರು. ಮಕ್ಕಳ ಪರೀಕ್ಷೆ ಮುಗೀಲಿ ಅಂದ್ಬುಟ್ಟೆ..." ಅವನ ದನಿ ಒಡೆಯಿತು. "ಅರ್ಧ ಗಂಟೆ ನಿಮ್ದು. ಹತ್ತು ದಿನ ನಂದು. ಇದನ್ನ ಅಕ್ಕಂಗೂ ಹೇಳಿಲ್ಲ ನಾನು."

ಸಿಂಚನ ಮೇಜಿನಾಚೆಯಿಂದ ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ಅಕ್ಕನ ಮುಂದೆ ಕೂತು ಎರಡನ್ನೂ ಹೇಳ್ಬೇಕು. ಒಬ್ಬನೇ ಹೋಗೋಕೆ ಧೈರ್ಯ ಇಲ್ಲ. ಬರ್ತೀರಾ?"

"ಅವರು ಬೈದ್ರೆ?"

"ಬೈತಾಳೆ. ಬೈಸ್ಕೊಳ್ಳೋಣ... ಇಬ್ರೂ."